ಪೋರ್ಚುಗಲ್ ಸಿಟಿಜನ್‌ಶಿಪ್‌ಗೆ ಭಾಷೆ ಕ್ಲಾಸ್ ಹುಡುಕ್ತಿದೀರಾ? ಫೀಸ್ ಕಟ್ಟೋ ಮುಂಚೆ ಇದನ್ನ ಓದಿ

ನಮ್ಮ ಮೈಸೂರು ಮಂಡ್ಯ ಕಡೆಯಿಂದ ಪೋರ್ಚುಗಲ್‌ಗೆ ಹೋಗಿರೋರು, ಹೋಗೋಕೆ ರೆಡಿ ಆಗ್ತಿರೋರು, ಗಂಡ ಅಲ್ಲಿ ಹೆಂಡ್ತಿ ಮಕ್ಕಳು ಇಲ್ಲಿ ಇರೋರು, ಎಲ್ಲರೂ ಕೇಳೋದು ಒಂದೇ, "ಪೋರ್ಚುಗೀಸ್ ಕ್ಲಾಸ್ ಎಲ್ಲಿ ಸಿಗುತ್ತೆ?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಕೇಳ್ಬೇಕಾಗಿರೋದು, "ಯಾರು ಕೊಟ್ಟ ಸರ್ಟಿಫಿಕೇಟನ್ನ ಅಲ್ಲಿನ ಸರ್ಕಾರ ಒಪ್ಕೊಳ್ಳುತ್ತೆ?" ಅಂತ. ಕಲಿಯೋದು ಬೇರೆ, ಕಲಿತಿದೀನಿ ಅಂತ ತೋರಿಸೋ ಕಾಗದ ಬೇರೆ. ಇದು ಗೊತ್ತಿಲ್ದೆ ದುಡ್ಡು ಕಳ್ಕೊಂಡೋರನ್ನ ನೋಡಿದೀನಿ, ಅದಕ್ಕೇ ಇಷ್ಟು ಉದ್ದ ಬರೀತಿರೋದು. ನಾನು ಮೈಸೂರಲ್ಲಿ ಕೂತು ಆನ್‌ಲೈನಲ್ಲಿ ಕಲಿತೋಳು, ನಮ್ಮ ಭಾವ ಅಲ್ಲೇ ಲಿಸ್ಬನ್ ಪಕ್ಕದಲ್ಲಿ ಸರ್ಕಾರಿ ಕ್ಲಾಸಿಗೆ ಹೋಗಿ ಮುಗಿಸಿದೋರು, ಹಾಗಾಗಿ ಎರಡೂ ದಾರಿ ಹತ್ತಿರದಿಂದ ಗೊತ್ತು.

ಮೊದಲು ಲೆವೆಲ್ ವಿಷ್ಯ. ಯುರೋಪಲ್ಲಿ ಭಾಷೆಗಳಿಗೆ ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಆರು ಮೆಟ್ಟಿಲು ಇದೆ. ಪೋರ್ಚುಗಲ್ ಸಿಟಿಜನ್‌ಶಿಪ್‌ಗೆ ಬೇಕಾಗಿರೋದು ಎ2, ಅಂದ್ರೆ ಕೆಳಗಿಂದ ಎರಡನೇದು. ಅಂಗಡಿ, ಡಾಕ್ಟ್ರು, ಬಾಡಿಗೆ ಮನೆ, ಬಸ್ಸು, ಕೆಲಸದ ಜಾಗ, ಇಷ್ಟರಲ್ಲಿ ಒಬ್ಬರ ಸಹಾಯ ಇಲ್ದೆ ಮಾತಾಡಿ, ಒಂದು ಸಣ್ಣ ಇಮೇಲ್ ಬರೆಯೋಷ್ಟು. ಸಾಹಿತ್ಯ ಏನೂ ಬೇಡ. ಬಿ1 ಬಿ2 ತನಕ ಪ್ಯಾಕೇಜ್ ತಗೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ, ಕೆಲಸಕ್ಕೆ ಬೇಕು ಅಂದ್ರೆ ತಗೊಳ್ಳಿ, ಸಿಟಿಜನ್‌ಶಿಪ್‌ಗೆ ಅಂತ ಬೇಡ. ಬ್ರೆಜಿಲ್, ಅಂಗೋಲಾ, ಮೊಜಾಂಬಿಕ್ ಥರ ಪೋರ್ಚುಗೀಸ್ ಅಧಿಕೃತ ಭಾಷೆ ಆಗಿರೋ ದೇಶದವರಿಗೆ ಭಾಷೆ ಗೊತ್ತಿದೆ ಅಂತಲೇ ಲೆಕ್ಕ, ಆದ್ರೆ ನಮ್ಮಂಥೋರು ಪ್ರೂಫ್ ಕೊಡಲೇಬೇಕು.

ಇನ್ನೊಂದು ಮಾತು, ಇದು ಸಿಟಿಜನ್‌ಶಿಪ್‌ಗೆ ಮಾತ್ರ ಅಲ್ಲ. 5 ವರ್ಷ ಅಲ್ಲಿದ್ದ ಮೇಲೆ ಪರ್ಮನೆಂಟ್ ರೆಸಿಡೆನ್ಸ್ ತಗೊಳ್ಳೋಕೂ ಬೇಸಿಕ್ ಪೋರ್ಚುಗೀಸ್ ಗೊತ್ತಿರೋ ಪ್ರೂಫ್ ಕೇಳ್ತಾರೆ. 2025ರಲ್ಲಿ ಅಲ್ಲಿನ ಸಂಸತ್ತು ಸಿಟಿಜನ್‌ಶಿಪ್‌ಗೆ ಕಾಯೋ ವರ್ಷ ಜಾಸ್ತಿ ಮಾಡೋ ಕಾನೂನು ಪಾಸ್ ಮಾಡ್ತು, ಅದೇ ವರ್ಷ ಡಿಸೆಂಬರ್‌ನಲ್ಲಿ ಅವರ ಸಾಂವಿಧಾನಿಕ ಕೋರ್ಟು ಅದರಲ್ಲಿ ಕೆಲವು ಭಾಗ ಸಂವಿಧಾನಕ್ಕೆ ವಿರುದ್ಧ ಅಂತ ಹೇಳ್ತು. ಹಾಗಾಗಿ ವರ್ಷದ ಲೆಕ್ಕವನ್ನ ಹಳೇ ವಿಡಿಯೋ ನೋಡಿ ನಂಬ್ಬೇಡಿ, ಅರ್ಜಿ ಹಾಕೋ ಟೈಮಲ್ಲಿ ನ್ಯಾಷನಾಲಿಟಿ ಅರ್ಜಿ ನೋಡ್ಕೊಳ್ಳೋ ಐಆರ್‌ಎನ್ ಇಲಾಖೆ ವೆಬ್‌ಸೈಟಲ್ಲಿ ನೋಡಿ. ಆದ್ರೆ ವರ್ಷ ಎಷ್ಟಾದ್ರೂ ಆಗ್ಲಿ, ಎ2 ಕೆಲಸಕ್ಕೆ ಬಂದೇ ಬರುತ್ತೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಕಾನೂನು ಏನಾಗುತ್ತೋ ನೋಡೋಣ ಅಂತ ಕ್ಲಾಸನ್ನ ಮುಂದಕ್ಕೆ ಹಾಕ್ಬೇಡಿ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ನಮ್ಮಂಥೋರಿಗೆ ಒಪ್ಪೋ ಕಾಗದ ಸಿಗೋ ದಾರಿ ಮುಖ್ಯವಾಗಿ ಎರಡು. ಒಂದು ಪರೀಕ್ಷೆ, ಇನ್ನೊಂದು ಅಲ್ಲಿನ ಸರ್ಕಾರಿ ಕೋರ್ಸು.

ಪರೀಕ್ಷೆ ಹೆಸರು ಸಿಪ್ಲೆ. ನಡೆಸೋದು ಕಾಪ್ಲೆ, ಇದು ಲಿಸ್ಬನ್ ಯೂನಿವರ್ಸಿಟಿಗೆ ಸೇರಿದ ಪರೀಕ್ಷಾ ಕೇಂದ್ರ. ಎ2ಗೆ ಸಿಪ್ಲೆ, ಬಿ1ಗೆ ಡೆಪ್ಲೆ, ಬಿ2ಗೆ ಡಿಪ್ಲೆ ಹೀಗೆ ಒಂದೊಂದು ಲೆವೆಲ್‌ಗೆ ಒಂದೊಂದು ಹೆಸರು, ರಿಜಿಸ್ಟರ್ ಮಾಡುವಾಗ ಹೆಸರು ಸರಿಯಾಗಿ ನೋಡಿ. ಎ1ಗೆ ಅಸೆಸ್ಸು ಅಂತ ಒಂದಿದೆ, ಅದು ಪಾಸಾದ್ರೆ ಸಿಟಿಜನ್‌ಶಿಪ್‌ಗೆ ಉಪಯೋಗ ಇಲ್ಲ. ಈ ದಾರೀಲಿ ಒಳ್ಳೇದು ಏನಂದ್ರೆ ನೀವು ಎಲ್ಲಿ ಕಲಿತ್ರಿ, ಯಾರ ಹತ್ರ ಕಲಿತ್ರಿ ಅಂತ ಯಾರೂ ಕೇಳಲ್ಲ. ಸರಸ್ವತಿಪುರಂ ಮನೇಲಿ ಫೋನ್ ಹಿಡ್ಕೊಂಡು ಕಲಿತ್ರೂ ಸರಿ, ಲಕ್ಷ ಕೊಟ್ಟು ಕಲಿತ್ರೂ ಸರಿ, ಪಾಸಾದ್ರೆ ಕಾಗದ ಕೈಗೆ ಬರುತ್ತೆ.

ಸರ್ಕಾರಿ ಕೋರ್ಸು ಅಂದ್ರೆ ಪಿಎಲ್ಎ, ಪೂರ್ತಿ ಹೆಸರು "ಪುರ್ತುಗೇಶ್ ಲಿಂಗ್ವ ದಿ ಅಕುಲ್ಯಿಮೆಂತು". ಬೇರೆ ದೇಶದಿಂದ ಬಂದು ನೆಲೆಸಿರೋ ದೊಡ್ಡೋರಿಗೆ ಅಂತಲೇ 2020ರಲ್ಲಿ ಈಗಿರೋ ರೂಪದಲ್ಲಿ ಶುರುವಾಗಿದ್ದು. ಫೀಸ್ ಇಲ್ಲ, ಪೂರ್ತಿ ಫ್ರೀ. ಐಇಎಫ್‌ಪಿ ಅನ್ನೋ ಉದ್ಯೋಗ ಮತ್ತು ತರಬೇತಿ ಇಲಾಖೆಯ ಸೆಂಟರ್‌ಗಳು, ಸರ್ಕಾರಿ ಶಾಲೆಗಳು, ಸೆಂತ್ರು ಕ್ವಾಲಿಫಿಕಾ ಅನ್ನೋ ವಯಸ್ಕರ ಶಿಕ್ಷಣ ಕೇಂದ್ರಗಳು ನಡೆಸ್ತವೆ. ಎ1 ಎ2 ಸೇರಿ ಸುಮಾರು 150 ಗಂಟೆ ಕ್ಲಾಸು. ಹಾಜರಾತಿ ಸರಿಯಾಗಿಟ್ಟು ಪೂರ್ತಿ ಮಾಡಿ ಎ2 ಸರ್ಟಿಫಿಕೇಟ್ ತಗೊಂಡ್ರೆ ಸಿಪ್ಲೆ ಬರೆಯೋದೇ ಬೇಕಿಲ್ಲ, ಅದೇ ಸರ್ಟಿಫಿಕೇಟ್ ಸಾಕು. ಪರೀಕ್ಷೆ ಅಂದ್ರೆ ಕೈ ಕಾಲು ನಡುಗೋರಿಗೆ ಇದು ನಿಜವಾಗ್ಲೂ ಒಳ್ಳೇ ದಾರಿ, ನಮ್ಮ ಭಾವ ಎಸ್ಸೆಸ್ಸೆಲ್ಸಿ ಆದ್ಮೇಲೆ ಪುಸ್ತಕ ಮುಟ್ಟದೇ ಇದ್ದೋರು, ಅವರೇ ಆರಾಮಾಗಿ ಮುಗಿಸಿದ್ರು.

ಹಾಗಾದ್ರೆ ಮೈಸೂರಲ್ಲೋ ಬೆಂಗಳೂರಲ್ಲೋ ಯಾವುದೋ ಇನ್‌ಸ್ಟಿಟ್ಯೂಟ್ ಕೊಡೋ "ಎ2 ಕಂಪ್ಲೀಟೆಡ್" ಅನ್ನೋ ಸರ್ಟಿಫಿಕೇಟು? ಅದನ್ನ ಗೋಡೆಗೆ ಹಾಕ್ಬಹುದು ಅಷ್ಟೆ, ಅರ್ಜಿ ಜೊತೆ ಇಡೋಕೆ ಆಗಲ್ಲ. ನಮಗೆ ಗೊತ್ತಿರೋ ಒಬ್ಬ ಹುಡುಗ, ಮಂಡ್ಯದೋನು, ಒಂದು ಕಡೆ ಒಳ್ಳೇ ದುಡ್ಡು ಕೊಟ್ಟು ಸೇರ್ಕೊಂಡ, ಕೋರ್ಸ್ ಮುಗಿದ ಮೇಲೆ ಹೊಳೆಯೋ ಸರ್ಟಿಫಿಕೇಟ್ ಕೊಟ್ರು, ಅಲ್ಲಿ ಹೋಗಿ ಲಾಯರ್ ಹತ್ರ ತೋರಿಸಿದ್ರೆ ಇದು ಬರಲ್ಲ ಸಿಪ್ಲೆ ಬರೀರಿ ಅಂದ್ರು. ಕಲಿತಿದ್ದು ವೇಸ್ಟ್ ಆಗ್ಲಿಲ್ಲ ನಿಜ, ಆದ್ರೆ ಸರ್ಟಿಫಿಕೇಟ್ ಸಿಗುತ್ತೆ ಅಂತ ಹೇಳಿ ಜಾಸ್ತಿ ದುಡ್ಡು ತಗೊಂಡಿದ್ದು ಅನ್ಯಾಯ ತಾನೇ. ಹಾಗಾಗಿ ಯಾವ ಕ್ಲಾಸಿಗೆ ಸೇರೋಕೆ ಮುಂಚೆನೂ ನೇರವಾಗಿ ಕೇಳಿ, ಕೊನೇಲಿ ನನಗೆ ಸಿಗೋ ಸರ್ಟಿಫಿಕೇಟ್ ಕಾಪ್ಲೆದಾ, ಪಿಎಲ್ಎದಾ, ಇಲ್ಲ ನಿಮ್ದಾ? "ನಮ್ದೇ, ಆದ್ರೆ ಇಂಟರ್‌ನ್ಯಾಷನಲ್" ಅಂದ್ರೆ ಅದನ್ನ ಬರೀ ಟ್ಯೂಷನ್ ಅಂತ ತಿಳ್ಕೊಂಡು ಟ್ಯೂಷನ್ ರೇಟಷ್ಟೇ ಕೊಡಿ.

ಇನ್ನು ಎಲ್ಲಿ ಹುಡುಕೋದು ಅನ್ನೋದು ನೀವು ಈಗ ಎಲ್ಲಿದೀರ ಅನ್ನೋದರ ಮೇಲೆ.

ಈಗಾಗ್ಲೇ ಪೋರ್ಚುಗಲ್‌ನಲ್ಲಿ ಇದ್ರೆ ಮೊದಲು ಪಿಎಲ್ಎಗೆ ಟ್ರೈ ಮಾಡಿ, ಬೇರೆ ಏನೂ ಯೋಚನೆ ಮಾಡ್ಬೇಡಿ. 18 ವರ್ಷ ಆಗಿರ್ಬೇಕು, ರೆಸಿಡೆನ್ಸ್ ಕಾರ್ಡ್ ಇರ್ಬೇಕು ಇಲ್ಲಾಂದ್ರೆ ಕಾರ್ಡಿಗೆ ಅರ್ಜಿ ಹಾಕಿರೋ ದಾಖಲೆ. ಟ್ಯಾಕ್ಸ್ ನಂಬರ್ ನಿಫ್, ಸೋಷಿಯಲ್ ಸೆಕ್ಯೂರಿಟಿ ನಂಬರ್ ನಿಸ್ ಎರಡನ್ನೂ ಜೊತೇಲಿ ಇಟ್ಕೊಂಡು ಹತ್ತಿರದ ಐಇಎಫ್‌ಪಿ ಸೆಂಟರ್‌ಗೆ ಹೋಗಿ. ಬಾಗಿಲಲ್ಲಿ ಇಂಗ್ಲಿಷ್ ನಡೆಯದೇ ಇದ್ರೆ "ಕೇರು ಇನ್‌ಶ್ಕ್ರೆವೇರ್ ಮಿ ನೂಂ ಕೂರ್ಸು ದಿ ಪುರ್ತುಗೇಶ್ ಲಿಂಗ್ವ ದಿ ಅಕುಲ್ಯಿಮೆಂತು" ಅನ್ನಿ, ಈ ಕೋರ್ಸಿಗೆ ಹೆಸರು ಬರೆಸ್ಬೇಕು ಅಂತ ಅರ್ಥ, ಅವರಿಗೆ ಅರ್ಥ ಆಗುತ್ತೆ. ಕೆಲಸಕ್ಕೆ ಹೋಗೋರು "ಪೋಶ್ ಲಬುರಾಲ್" ಅಂತ ಕೇಳಿ, ಅಂದ್ರೆ ಕೆಲಸ ಮುಗಿದ ಮೇಲಿನ ಸಂಜೆ ಬ್ಯಾಚ್.

ಕಷ್ಟ ಇರೋದು ಎಲ್ಲಿ ಅಂದ್ರೆ ಸೀಟಿನಲ್ಲಿ. ಬ್ಯಾಚ್ ಶುರು ಮಾಡೋಕೆ ಇಷ್ಟು ಜನ ಆಗ್ಬೇಕು ಅಂತ ಇರುತ್ತೆ, ಆದ್ಮೇಲೆ ಲಿಸ್ಬನ್ ಸಿಟಿ ಒಳಗೆ ವಿಪರೀತ ರಶ್, ಹೆಸರು ಬರೆಸಿ ತಿಂಗಳುಗಟ್ಲೆ ಫೋನೇ ಬರಲ್ಲ. ಅದಕ್ಕೆ ಒಂದೇ ಸೆಂಟರ್ ನಂಬ್ಕೊಂಡು ಕೂತ್ಕೋಬೇಡಿ. ಅಮದೋರ, ಓದಿವೇಲಶ್, ಸಿಂತ್ರ, ಅಲ್ಮಾದ ಥರ ಸುತ್ತಮುತ್ತಲ ಊರಲ್ಲೂ ಕೇಳಿ, ಐಇಎಫ್‌ಪಿ ಅಲ್ದೆ ಹತ್ತಿರದ ಸರ್ಕಾರಿ ಹೈಸ್ಕೂಲಲ್ಲಿ ಕೇಳಿ, ಸೆಂತ್ರು ಕ್ವಾಲಿಫಿಕಾಗೆ ಇಮೇಲ್ ಹಾಕಿ, ಹತ್ತು ದಿನಕ್ಕೊಮ್ಮೆ ಮತ್ತೆ ಹೋಗಿ ಮುಖ ತೋರಿಸಿ. ಶಾಲೆ ವರ್ಷ ಶುರುವಾಗೋದು ಸೆಪ್ಟೆಂಬರ್‌ನಲ್ಲಿ, ಶಾಲೆಗಳಲ್ಲಿ ನಡೆಯೋ ಬ್ಯಾಚಿಗೆ ಅದಕ್ಕೂ ಮುಂಚೆ, ಜೂನ್ ಜುಲೈನಲ್ಲೇ ವಿಚಾರಿಸಿ, ಆಗಸ್ಟ್‌ನಲ್ಲಿ ದೇಶ ಪೂರ್ತಿ ರಜೆ ಮೇಲೆ ಇರುತ್ತೆ, ಇಮೇಲ್‌ಗೆ ಉತ್ತರ ಬರೋದು ಕಷ್ಟ. ಮತ್ತೆ ಒಂದು ಎಚ್ಚರಿಕೆ, ಚರ್ಚುಗಳು, ಸಂಘಗಳು, ಪಂಚಾಯ್ತಿ ಥರ ಇರೋ ಜುಂತ ಆಫೀಸುಗಳು ಕೂಡ ಫ್ರೀ ಪೋರ್ಚುಗೀಸ್ ಕ್ಲಾಸ್ ನಡೆಸ್ತವೆ, ಕಲಿಯೋಕೆ ತುಂಬಾ ಒಳ್ಳೇದು ಅಕ್ಕಪಕ್ಕದೋರ ಪರಿಚಯನೂ ಆಗುತ್ತೆ, ಆದ್ರೆ ಅವೆಲ್ಲ ಪಿಎಲ್ಎ ಅಲ್ಲ. ಸರ್ಟಿಫಿಕೇಟ್ ಬಗ್ಗೆ ಅಲ್ಲೂ ಕೇಳ್ಕೊಳ್ಳಿ.

ಇನ್ನೂ ಮೈಸೂರು ಮಂಡ್ಯದಲ್ಲೇ ಇರೋರಿಗೆ. ಫ್ರೆಂಚ್ ಜರ್ಮನ್ ಥರ ಪೋರ್ಚುಗೀಸ್‌ಗೆ ಬೀದಿಗೊಂದು ಕ್ಲಾಸ್ ಇಲ್ಲಿ ಸಿಗಲ್ಲ, ಮಾನಸಗಂಗೋತ್ರಿ ಪಕ್ಕದ ಭಾರತೀಯ ಭಾಷಾ ಸಂಸ್ಥಾನದಲ್ಲಿ ಸಿಗುತ್ತಾ ಅಂತ ಕೇಳ್ತಾರೆ, ಅದು ನಮ್ಮ ದೇಶದ ಭಾಷೆಗಳಿಗಾಗಿ ಇರೋ ಸಂಸ್ಥೆ, ಅಲ್ಲಿಗೆ ಹೋಗಿ ಪ್ರಯೋಜನ ಇಲ್ಲ. ನಮಗೆ ಹತ್ತಿರ ಅಂದ್ರೆ ಗೋವಾ. ಪಣಜಿಯಲ್ಲಿ ಪೋರ್ಚುಗಲ್ ಸರ್ಕಾರದ ಕಮೋಯಿಂಶ್ ಸಂಸ್ಥೆಯ ಭಾಷಾ ಕೇಂದ್ರ ಇದೆ, ಗೋವಾ ಯೂನಿವರ್ಸಿಟಿಯಲ್ಲಿ ಪೋರ್ಚುಗೀಸ್ ವಿಭಾಗ ಇದೆ. ಹೊಸ ಬ್ಯಾಚ್ ಯಾವಾಗ, ಆನ್‌ಲೈನಲ್ಲಿ ಇದೆಯಾ ಅಂತ ಅಲ್ಲಿಗೆ ಒಂದು ಇಮೇಲ್ ಹಾಕೋದ್ರಿಂದ ಕಳ್ಕೊಳ್ಳೋದು ಏನಿಲ್ಲ. ಕಮೋಯಿಂಶ್‌ನವರು ತಾವೇ ಆನ್‌ಲೈನ್ ಕೋರ್ಸ್ ಕೂಡ ನಡೆಸ್ತಾರೆ, ದುಡ್ಡು ಕೊಡ್ಬೇಕು, ಆದ್ರೆ ಪಾಠದ ಮಟ್ಟ ಚೆನ್ನಾಗಿರುತ್ತೆ.

ಖರ್ಚು ಕಮ್ಮಿ ಬೇಕು ಅಂದ್ರೆ "ಪ್ಲತಫೋರ್ಮ ದಿ ಪುರ್ತುಗೇಶ್ ಆನ್‌ಲೈನ್" ಅಂತ ಅಲ್ಲಿನ ಸರ್ಕಾರ ವಲಸೆ ಬಂದೋರಿಗೆ ಮಾಡಿರೋ ಫ್ರೀ ವೆಬ್‌ಸೈಟ್ ಇದೆ, ಇಂಗ್ಲಿಷಲ್ಲೂ ನೋಡ್ಬಹುದು, ಆಡಿಯೋ ವಿಡಿಯೋ ಎಲ್ಲ ಇದೆ. ಸರ್ಟಿಫಿಕೇಟ್ ಆಸೆ ಇಟ್ಕೋಬೇಡಿ, ಕಲಿಯೋಕೆ ಬಳಸಿ. ಅದರ ಜೊತೆ ಐಟಾಕಿ, ಪ್ರೆಪ್ಲಿ ಥರ ಆನ್‌ಲೈನಲ್ಲಿ ಟೀಚರ್ ಸಿಗೋ ವೆಬ್‌ಸೈಟಲ್ಲಿ ವಾರಕ್ಕೆ ಒಂದೆರಡು ಸಲ ಒಬ್ಬ ಟೀಚರ್ ಹತ್ರ ಬರೀ ಮಾತಾಡೋಕೆ ಕ್ಲಾಸ್ ತಗೊಳ್ಳಿ. ನನ್ನ ಮಟ್ಟಿಗೆ ಇದೇ ಸರಿಯಾದ ಜೋಡಿ, ವ್ಯಾಕರಣ ಫ್ರೀಯಾಗಿ ಕಲೀರಿ, ದುಡ್ಡನ್ನ ಮಾತಿಗೆ ಖರ್ಚು ಮಾಡಿ.

ಟೀಚರ್ ಆರಿಸುವಾಗ ಒಂದು ವಿಷ್ಯ ಬಹಳ ಮುಖ್ಯ, ಅವರು ಪೋರ್ಚುಗಲ್‌ನವರಾ ಬ್ರೆಜಿಲ್‌ನವರಾ? ಡುಯೋಲಿಂಗೋ ಕಲಿಸೋದು ಬ್ರೆಜಿಲ್ ಪೋರ್ಚುಗೀಸ್, ಯೂಟ್ಯೂಬಲ್ಲಿ ಮುಕ್ಕಾಲು ಪಾಲು ಸಿಗೋದೂ ಅದೇ. ಬರವಣಿಗೇಲಿ ವ್ಯತ್ಯಾಸ ಕಮ್ಮಿ, ಕಿವಿಗೆ ಮಾತ್ರ ಬೇರೆ ಭಾಷೆ ಥರಾನೇ ಕೇಳುತ್ತೆ. ಬ್ರೆಜಿಲ್‌ನವರು ಸ್ವರ ಎಲ್ಲಾ ಬಿಡಿಸಿ ಹೇಳ್ತಾರೆ, ಪೋರ್ಚುಗಲ್‌ನವರು ಮಧ್ಯದ ಸ್ವರಗಳನ್ನ ನುಂಗಿಬಿಡ್ತಾರೆ. ಪದಗಳೂ ಬೇರೆ, ಬಸ್ಸಿಗೆ ಬ್ರೆಜಿಲಲ್ಲಿ ಓನಿಬುಸ್, ಪೋರ್ಚುಗಲಲ್ಲಿ ಔತುಕಾರು, ರೈಲಿಗೆ ಬ್ರೆಜಿಲಲ್ಲಿ ತ್ರೇಂ, ಪೋರ್ಚುಗಲಲ್ಲಿ ಕೊಂಬೊಯು, ಮೊಬೈಲಿಗೆ ಬ್ರೆಜಿಲಲ್ಲಿ ಸೆಲುಲಾರ್, ಪೋರ್ಚುಗಲಲ್ಲಿ ತೆಲೆಮೋವೆಲ್. ಸಿಪ್ಲೆಯ ಆಡಿಯೋ ಪೋರ್ಚುಗಲ್ ಉಚ್ಚಾರಣೇಲಿ ಬರುತ್ತೆ. ಹಾಗಾಗಿ ಮೊದಲ ದಿನದಿಂದಲೇ ಕಿವಿನ ಅದಕ್ಕೇ ಹೊಂದಿಸಿ. ಅಲ್ಲಿನ ಆರ್‌ಟಿಪಿ ರೇಡಿಯೋ ಟಿವಿ ಆನ್‌ಲೈನಲ್ಲಿ ಸಿಗುತ್ತೆ, ಅಡುಗೆ ಮಾಡುವಾಗ ಹಾಕಿಟ್ಕೊಳ್ಳಿ, ಮೊದಮೊದಲು ಏನೂ ಅರ್ಥ ಆಗಲ್ಲ, ಪರವಾಗಿಲ್ಲ.

ಟೈಮಿಂಗ್ ನೋಡ್ಕೊಳ್ಳಿ. ಲಿಸ್ಬನ್‌ಗಿಂತ ನಾವು ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದೆ, ಅವರ ಬೇಸಿಗೇಲಿ ನಾಲ್ಕೂವರೆ ಗಂಟೆ. ಅಲ್ಲಿ ಸಂಜೆ 7ರ ಬ್ಯಾಚ್ ಅಂದ್ರೆ ಇಲ್ಲಿ ಚಳಿಗಾಲದಲ್ಲಿ ರಾತ್ರಿ 12.30, ಒಂದು ವಾರ ಮಾಡಿ ಬಿಟ್ಬಿಡ್ತೀರ. ಅಲ್ಲಿ ಬೆಳಿಗ್ಗೆ 9ರ ಬ್ಯಾಚ್ ಸಿಕ್ರೆ ಇಲ್ಲಿ ಮಧ್ಯಾಹ್ನ 2.30, ಮನೇಲಿರೋರಿಗೆ ಅನುಕೂಲ. ಆಫೀಸಿಗೆ ಹೋಗೋರು ಅವರ ಮಧ್ಯಾಹ್ನದ ಸ್ಲಾಟ್ ಹುಡುಕಿ, ಇಲ್ಲಿ ಸಂಜೆ ಆಗಿರುತ್ತೆ.

ಕನ್ನಡದೋರಿಗೆ ಈ ಭಾಷೆ ಇಂಗ್ಲಿಷ್‌ನೋರಿಗಿಂತ ಸುಲಭ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಕ್ರಿಯಾಪದ ಯಾರು ಮಾಡಿದ್ರು ಅನ್ನೋದರ ಮೇಲೆ ಬದಲಾಗೋದು ನಮಗೆ ಹೊಸದಲ್ಲ, ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತೀವಿ ಅನ್ನೋ ಹಾಗೇ ಫಾಲು, ಫಾಲಶ್, ಫಲಾಮುಶ್. ನಾನು, ನೀನು ಅನ್ನೋದನ್ನ ಬಿಟ್ಟು ಮಾತಾಡೋದೂ ಅವರಲ್ಲಿ ಇದೆ. ನೀನು, ನೀವು ಅನ್ನೋ ಮರ್ಯಾದೆ ವ್ಯತ್ಯಾಸನೂ ಇದೆ, ಸ್ನೇಹಿತರಿಗೆ ತು, ಹಿರಿಯರಿಗೆ ಉ ಸೆಞೋರ್, ಅ ಸೆಞೋರ. ಇಂಗ್ಲಿಷ್ ಮೂಲಕ ಕಲಿಸೋ ಟೀಚರ್ ಇದನ್ನೆಲ್ಲ ಗಂಟೆಗಟ್ಲೆ ವಿವರಿಸ್ತಾರೆ, ನೀವು ಮನಸಲ್ಲೇ ಕನ್ನಡಕ್ಕೆ ಹೊಂದಿಸ್ಕೊಂಡ್ರೆ ಹತ್ತು ನಿಮಿಷದ ಕೆಲಸ. ಕಷ್ಟ ಆಗೋದು ಲಿಂಗ. ಮೇಜು, ಪುಸ್ತಕ, ಕುರ್ಚಿ ಎಲ್ಲ ನಮಗೆ "ಅದು", ಅವರಿಗೆ ಒಂದು ಗಂಡು ಒಂದು ಹೆಣ್ಣು. ಇದಕ್ಕೆ ಶಾರ್ಟ್‌ಕಟ್ ಇಲ್ಲ, ಪದ ಕಲಿಯುವಾಗಲೇ ಅದರ ಮೊದಲು ಬರೋ ಉ (ಗಂಡು) ಅಥವಾ ಅ (ಹೆಣ್ಣು) ಸೇರಿಸಿ ಬಾಯಿಪಾಠ ಮಾಡಿ.

ಪರೀಕ್ಷೆ ಹೇಗಿರುತ್ತೆ ಅಂತ ಗೊತ್ತಿದ್ರೆ ಕ್ಲಾಸ್ ಆರಿಸೋದೂ ಸುಲಭ. ಸಿಪ್ಲೆಯಲ್ಲಿ ಮೂರು ಭಾಗ. ಓದೋದು ಬರೆಯೋದು ಸೇರಿ ಒಂದೂಕಾಲು ಗಂಟೆ, ಅದಕ್ಕೆ ನೂರಕ್ಕೆ 45 ಅಂಕ. ಕೇಳಿ ಅರ್ಥ ಮಾಡ್ಕೊಳ್ಳೋದು ಅರ್ಧ ಗಂಟೆ, 30 ಅಂಕ. ಮಾತಾಡೋದು ಹತ್ತು ಹದಿನೈದು ನಿಮಿಷ, 25 ಅಂಕ, ಸಾಮಾನ್ಯವಾಗಿ ಇನ್ನೊಬ್ಬ ಅಭ್ಯರ್ಥಿ ಜೊತೆ ಜೋಡಿಯಾಗಿ ಕೂರಿಸ್ತಾರೆ. ಒಟ್ಟು 55 ಬಂದ್ರೆ ಪಾಸ್. ಕಾಪ್ಲೆ ವೆಬ್‌ಸೈಟಲ್ಲೇ ಮಾದರಿ ಪ್ರಶ್ನೆಪತ್ರಿಕೆ ಆಡಿಯೋ ಸಮೇತ ಫ್ರೀಯಾಗಿ ಇದೆ. ಕೋರ್ಸ್ ಸೇರೋ ಮುಂಚೆನೇ ಅದನ್ನ ಡೌನ್‌ಲೋಡ್ ಮಾಡಿ ಒಂದ್ಸಲ ನೋಡಿ, ಆಮೇಲೆ ಟೀಚರ್‌ಗೆ ಕಳಿಸಿ "ಇದಕ್ಕೆ ತಯಾರು ಮಾಡಿಸ್ತೀರಾ?" ಅಂತ ಕೇಳಿ. ಸಿಪ್ಲೆ ಹೆಸರೇ ಕೇಳಿಲ್ಲ ಅನ್ನೋ ಟೀಚರ್ ಎಷ್ಟೇ ಒಳ್ಳೆಯವರಾದ್ರೂ ನಿಮ್ಮ ಕೆಲಸಕ್ಕೆ ಸರಿಹೋಗಲ್ಲ. ನಮ್ಮೋರು ಹೆಚ್ಚಾಗಿ ಸೋಲೋದು ಕೇಳೋ ಭಾಗದಲ್ಲಿ, ಓದೋದು ಬರೆಯೋದು ಹೇಗೋ ಮಾಡ್ತಾರೆ. ವಾರಕ್ಕೆ ಎರಡು ಸಲನಾದ್ರೂ ಬರೀ ಆಡಿಯೋ ಕೇಳಿ ಉತ್ತರ ಬರೆಯೋ ಅಭ್ಯಾಸ ಇಟ್ಕೊಳ್ಳಿ.

ರಿಜಿಸ್ಟ್ರೇಷನ್ ಆನ್‌ಲೈನಲ್ಲಿ ಕಾಪ್ಲೆ ಸೈಟಲ್ಲೇ. ಪರೀಕ್ಷೆ ನಡೆಯೋ ಜಾಗಗಳ ಪಟ್ಟಿ ದೇಶವಾರು ಇರುತ್ತೆ, ಭಾರತದ ಕೆಳಗೆ ಈ ವರ್ಷ ಯಾವ ಊರು, ಯಾವ ತಾರೀಖು ಅಂತ ಅಲ್ಲೇ ನೋಡಿ. ಪೋರ್ಚುಗಲ್ ಒಳಗೆ ಸೀಟು ಬೇಗ ಖಾಲಿ ಆಗ್ತವೆ, ರಿಜಿಸ್ಟ್ರೇಷನ್ ತೆರೆಯೋ ದಿನ ನೋಡ್ಕೊಂಡು ಕಾದು ಕೂರ್ಬೇಕು. ಯಾವ ದೇಶದಲ್ಲಿ ಬರೆದ್ರೂ ಸರ್ಟಿಫಿಕೇಟ್ ಒಂದೇ. ಹಾಗಾಗಿ ಅಲ್ಲಿರೋರು ಊರಿಗೆ ರಜೆಗೆ ಬರೋ ಟೈಮಿಗೆ ಇಲ್ಲಿ ಪರೀಕ್ಷೆ ಇದ್ರೆ ಇಲ್ಲೇ ಬರೆದು ಹೋಗ್ಬಹುದು. ಫಲಿತಾಂಶ ತಕ್ಷಣ ಬರಲ್ಲ, ಕಾಯ್ಬೇಕು, ಅರ್ಜಿ ಹಾಕೋ ತಾರೀಖಿನ ಹತ್ತಿರಕ್ಕೆ ಪರೀಕ್ಷೆ ಇಟ್ಕೋಬೇಡಿ. ಒಂದು ವರ್ಷ ಮುಂಚೆನೇ ಮುಗಿಸಿಟ್ಟಿದ್ರೆ ಮನಸ್ಸಿಗೆ ನೆಮ್ಮದಿ.

ಮಂಡ್ಯ ಕಡೆ ಜಮೀನಿರೋರಿಗೆ ಒಂದು ಮಾತು, ಕ್ಲಾಸಿಗೆ ಸಂಬಂಧ ಇಲ್ದಿದ್ರೂ ಹೇಳ್ಲೇಬೇಕು. ಭಾರತದಲ್ಲಿ ಎರಡು ದೇಶದ ಪೌರತ್ವ ಒಟ್ಟಿಗೆ ಇಟ್ಕೊಳ್ಳೋಕೆ ಆಗಲ್ಲ. ಪೋರ್ಚುಗಲ್ ಸಿಟಿಜನ್ ಆದ ತಕ್ಷಣ ನಮ್ಮ ಪೌರತ್ವ ಹೋಗುತ್ತೆ, ಪಾಸ್‌ಪೋರ್ಟ್ ವಾಪಸ್ ಕೊಡ್ಬೇಕು, ಆಮೇಲೆ ಬೇರೆ ದೇಶದ ಪೌರತ್ವ ತಗೊಂಡಿರೋ ಭಾರತೀಯ ಮೂಲದೋರಿಗೆ ನಮ್ಮ ಸರ್ಕಾರ ಕೊಡೋ ಒಸಿಐ ಕಾರ್ಡ್ ಮಾಡಿಸ್ಕೋಬಹುದು. ಒಸಿಐ ಇದ್ದೋರು ಹೊಸದಾಗಿ ಕೃಷಿ ಜಮೀನು ಕೊಂಡ್ಕೊಳ್ಳೋಕೆ ಆಗಲ್ಲ, ಅಪ್ಪ ಅಮ್ಮನಿಂದ ವಾರಸುದಾರಿಕೆಯಲ್ಲಿ ಬರಬಹುದು. ಊರಲ್ಲಿ ಗದ್ದೆ ತಗೋಬೇಕು ಅಂತ ಆಸೆ ಇರೋರು ಇದನ್ನ ಮನೇಲಿ ಕೂತು ಮಾತಾಡ್ಕೊಂಡು, ಪರ್ಮನೆಂಟ್ ರೆಸಿಡೆನ್ಸ್ ಸಾಕಾ ಅಂತ ಯೋಚಿಸಿ. ಅದಕ್ಕೂ ಅದೇ ಎ2 ಸರ್ಟಿಫಿಕೇಟ್ ಆಗುತ್ತೆ.

ಕೊನೇದು ಹೆಸರಿನ ವಿಷ್ಯ, ನಮ್ಮ ಕಡೆಯೋರಿಗೆ ಅತಿ ಹೆಚ್ಚು ತೊಂದ್ರೆ ಕೊಡೋದು ಇದು. ನಮ್ಮಲ್ಲಿ ಸರ್‌ನೇಮ್ ಇಲ್ಲ, ಇನಿಷಿಯಲ್ ಇರುತ್ತೆ, ಒಬ್ಬರ ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು ಅಪ್ಪನ ಹೆಸರು ಬಂದಿರುತ್ತೆ, ಇನ್ನೊಬ್ಬರದ್ದು ಸರ್‌ನೇಮ್ ಕಾಲಂ ಖಾಲಿ, ಆಧಾರಲ್ಲಿ ಇನ್ನೊಂದು ಥರ. ಕ್ಲಾಸಿಗೆ ಸೇರುವಾಗ, ಪರೀಕ್ಷೆಗೆ ರಿಜಿಸ್ಟರ್ ಮಾಡುವಾಗ ಪಾಸ್‌ಪೋರ್ಟಲ್ಲಿ ಅಕ್ಷರ ಹೇಗಿದೆಯೋ ಹಾಗೇ ಹಾಕಿ, ಅದೇ ಕ್ರಮ, ಅದೇ ಸ್ಪೆಲ್ಲಿಂಗ್. ರೆಸಿಡೆನ್ಸ್ ಕಾರ್ಡಲ್ಲಿ ಹೆಸರು ಬೇರೆ ಥರ ಬಂದಿದ್ರೆ ಅದನ್ನ ಮೊದಲು ಸರಿ ಮಾಡಿಸಿ, ಆಮೇಲೆ ಪರೀಕ್ಷೆಗೆ ಹೆಸರು ಕೊಡಿ. ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಹೆಸರು, ಹುಟ್ಟಿದ ತಾರೀಖು, ಪಾಸ್‌ಪೋರ್ಟ್ ನಂಬರ್ ಒಂದೊಂದೇ ನೋಡಿ, ತಪ್ಪಿದ್ರೆ ಅವತ್ತೇ ಬರೆದು ತಿಳಿಸಿ, ಸ್ಕ್ಯಾನ್ ಮಾಡಿ ನಿಮ್ಮ ಇಮೇಲಲ್ಲೂ ಊರಲ್ಲಿರೋ ಒಬ್ಬರ ಹತ್ರನೂ ಒಂದೊಂದು ಕಾಪಿ ಇಡಿ.